ಬಾಸ್‌ನ ಹೆಲ್ತ್ 200 ಕೋಟಿ ಆದರೆ ಗೇಮ್ ನಿಧಾನ ಆಗುತ್ತಾ? ಒಂದು ಹಳೆಯ ಜಗಳದ ಪ್ರಕರಣ ಅಧ್ಯಯನ

2014ರ ಅಕ್ಟೋಬರ್ 14ಕ್ಕೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಗೇಮ್‌ಗೆ 6.0.2 ಪ್ಯಾಚ್ (ಅಪ್‌ಡೇಟ್) ಬಂತು. ಹಿಂದಿನ ವಾರದವರೆಗೆ ಲಕ್ಷಗಳಲ್ಲಿ ಹೊಡೆಯುತ್ತಿದ್ದವರು ಲಾಗಿನ್ ಆಗಿ ನೋಡಿದರೆ ಹೊಡೆತ ಸಾವಿರಗಳಿಗೆ ಇಳಿದಿತ್ತು. ಹೆಲ್ತ್ (ಎಷ್ಟು ಹೊಡೆತ ತಾಳಬಹುದು ಅನ್ನೋ ಅಂಕಿ) ಇಳಿದಿತ್ತು, ಗೇರ್ (ಆಯುಧ, ಕವಚ) ಮೇಲಿನ ಅಂಕಿಗಳು ಇಳಿದಿದ್ದವು, ಬಾಸ್‌ಗಳ, ಅಂದರೆ ದೊಡ್ಡ ಶತ್ರುಗಳ, ಹೆಲ್ತೂ ಅದೇ ಅಳತೆಯಲ್ಲಿ ಕುಗ್ಗಿತ್ತು. ಇದಕ್ಕೆ ಆಟಗಾರರು ಇಟ್ಟ ಹೆಸರು ಸ್ಟ್ಯಾಟ್ ಸ್ಕ್ವಿಶ್. ಅಂದರೆ ಅಂಕಿಗಳನ್ನು ಹಿಂಡಿ ಸಣ್ಣದು ಮಾಡೋದು.

ಮರುದಿನ ರಾತ್ರಿ ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬನ ಮೆಸೇಜು: ‘ಗುರು, ಗೇಮ್ ಬೆಣ್ಣೆ ಥರ ಓಡ್ತಿದೆ. ನಾನು ಹೇಳಿರ್ಲಿಲ್ವಾ? ಆ ದೊಡ್ಡ ದೊಡ್ಡ ನಂಬರ್‌ಗಳಿಂದಾನೇ ಲ್ಯಾಗ್ ಆಗ್ತಿದ್ದದ್ದು.’

ಅಲ್ಲಿಂದ ಶುರುವಾದ ಜಗಳ ನಾಲ್ಕು ವರ್ಷ ನಡೆಯಿತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಗೇಮ್ ನಿಜವಾಗಲೂ ಚುರುಕಾಗಿತ್ತು, ನಾನೇ ಅವನ ಮನೆಗೆ ಹೋಗಿ ನೋಡಿದ್ದೆ. ಮೊದಲು ರೇಡ್‌ನಲ್ಲಿ (ಹತ್ತಾರು ಜನ ಸೇರಿ ಬಾಸ್‌ಗಳ ಮೇಲೆ ಮಾಡುವ ದಾಳಿ) ಸೆಕೆಂಡಿಗೆ 20 ಫ್ರೇಮ್‌ಗೆ ಒದ್ದಾಡುತ್ತಿದ್ದ ಲ್ಯಾಪ್‌ಟಾಪು ಈಗ 40ರ ಮೇಲೆ ನಿಂತಿತ್ತು. ನನ್ನ ವಾದ ಇಷ್ಟೇ: ಕಾರಣ ಅಂಕಿ ಅಲ್ಲ, ಬೇರೆ ಏನೋ ಇದೆ.

ಅಂಕಿ ಅಷ್ಟು ಉಬ್ಬಿದ್ದು ಹೇಗೆ

2004ರ ನವೆಂಬರ್‌ನಲ್ಲಿ ಗೇಮ್ ಶುರುವಾದಾಗ ಗರಿಷ್ಠ ಲೆವೆಲ್ 60. ಮೋಲ್ಟನ್ ಕೋರ್ ರೇಡಿನ ಕೊನೆಯ ಬಾಸ್ ರ‍್ಯಾಗ್ನರಾಸ್‌ಗೆ ಹೆಚ್ಚುಕಡಿಮೆ 11 ಲಕ್ಷ ಹೆಲ್ತು. 40 ಜನ ಸೇರಿ ಅದನ್ನು ಇಳಿಸಬೇಕಿತ್ತು. ಆಮೇಲೆ ಪ್ರತಿ ಎರಡು ವರ್ಷಕ್ಕೊಂದು ಹೊಸ ಭಾಗ. ಪ್ರತಿ ಭಾಗದಲ್ಲೂ ಮೂರು ನಾಲ್ಕು ರೇಡ್. ಪ್ರತಿ ರೇಡ್‌ನ ಗೇರ್ ಹಿಂದಿನದಕ್ಕಿಂತ ಚೆನ್ನಾಗಿರಲೇಬೇಕು, ಇಲ್ಲದಿದ್ದರೆ ಯಾರು ಆಡುತ್ತಾರೆ? ಸಾಲದ್ದಕ್ಕೆ 2013ರ ಸೀಜ್ ಆಫ್ ಆರ್ಗ್ರಿಮಾರ್ ಹೊತ್ತಿಗೆ ಒಂದೇ ರೇಡ್‌ಗೆ ನಾಲ್ಕು ಕಷ್ಟದ ಮಟ್ಟ, ನಾಲ್ಕಕ್ಕೂ ಬೇರೆ ಬೇರೆ ಗೇರ್. ಗೇರ್‌ನ ತಾಕತ್ತು ಹೇಳುವ ಐಟಂ ಲೆವೆಲ್ 528, 540, 553, 566. ಇದು ಚಕ್ರಬಡ್ಡಿ. ಮೊದಲ ಐದು ವರ್ಷ ಏನೂ ಅನ್ನಿಸುವುದಿಲ್ಲ. ಆಮೇಲೆ ಸಾಲದವನು ಬಾಗಿಲಿಗೆ ಬರುತ್ತಾನೆ.

ಇದು ಹೀಗೇ ಆಗುತ್ತೆ ಅಂತ ಗೇಮ್ ಮಾಡಿದ ಬ್ಲಿಜಾರ್ಡ್ ಕಂಪನಿಗೆ ಮೊದಲೇ ಗೊತ್ತಿತ್ತು. ಆಗ ಆ ಗೇಮಿನ ಲೆಕ್ಕಾಚಾರಗಳ ಹೊಣೆ ಹೊತ್ತಿದ್ದ ಗ್ರೆಗ್ ಸ್ಟ್ರೀಟ್ 2011ರ ನವೆಂಬರ್‌ನಲ್ಲೇ ಈ ಬಗ್ಗೆ ಉದ್ದಕ್ಕೆ ಬರೆದಿದ್ದರು. ಅವರು ಇಟ್ಟ ದಾರಿ ಎರಡು. ಒಂದು, ದೊಡ್ಡ ಅಂಕಿಗಳನ್ನು ಹಾಗೇ ಬಿಟ್ಟು ತೋರಿಸುವಾಗ ಮಾತ್ರ ಚಿಕ್ಕದಾಗಿ ತೋರಿಸೋದು. ಇನ್ನೊಂದು, ಅಂಕಿಗಳನ್ನೇ ಹಿಂಡೋದು. ಮೊದಲ ದಾರಿಯ ತೊಡಕು ಹೇಳುವಾಗ ಅವರು ಒಂದು ಸಾಲು ಸೇರಿಸಿದ್ದರು. ತುಂಬಾ ದೊಡ್ಡ ಅಂಕಿಗಳ ಲೆಕ್ಕವನ್ನು ಕಂಪ್ಯೂಟರ್‌ಗಳು ಬೇಗ ಮಾಡಲಾರವು, ಆ ಸಮಸ್ಯೆಯನ್ನೂ ಬಿಡಿಸಿಕೊಳ್ಳಬೇಕಾಗುತ್ತೆ ಅನ್ನೋ ಅರ್ಥದ ಮಾತು.

ನನ್ನ ಗೆಳೆಯನ ಕೈಯಲ್ಲಿದ್ದ ತುರುಪು ಅದೇ ಸಾಲು. ‘ಮಾಡಿದವರೇ ಹೇಳ್ತಿದಾರಲ್ಲ ಮಗಾ, ನಿಂದೇನು?’

ಕಂಡಕ್ಟರ್‌ಗೆ ಯಾವುದು ಭಾರ

ನಾನು ಬಸ್ಸಿನ ಲೆಕ್ಕದಲ್ಲಿ ವಾದಿಸಿದೆ. ಕಂಡಕ್ಟರ್ ಮಷೀನಿನಲ್ಲಿ 6 ರೂಪಾಯಿ ಟಿಕೆಟ್ ಹರಿದರೂ ಅಷ್ಟೇ ಹೊತ್ತು, 600 ರೂಪಾಯಿ ಟಿಕೆಟ್ ಹರಿದರೂ ಅಷ್ಟೇ ಹೊತ್ತು. ಅವನಿಗೆ ಬೆವರು ಬರೋದು ಮೆಜೆಸ್ಟಿಕ್‌ನಲ್ಲಿ 80 ಜನ ಒಟ್ಟಿಗೆ ಹತ್ತಿದಾಗ.

ಪ್ರೊಸೆಸರ್ ಕೂಡ ಹಾಗೇ. ಇವತ್ತಿನ ಪ್ರೊಸೆಸರ್ ಒಂದು ಸಂಖ್ಯೆಯನ್ನು 64 ಬಿಟ್ ಅಗಲದ (0 ಅಥವಾ 1 ಹಿಡಿಯುವ 64 ಮನೆಗಳ) ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತೆ. ಒಳಗೆ 7 ಇದ್ದರೂ ಪೆಟ್ಟಿಗೆಯ ಅಗಲ ಅಷ್ಟೇ, 700 ಕೋಟಿ ಇದ್ದರೂ ಅಷ್ಟೇ. ಎರಡು ಪೆಟ್ಟಿಗೆ ಕೂಡಿಸೋಕೆ ಒಂದು ಸೈಕಲ್ (ಪ್ರೊಸೆಸರ್‌ನ ಗಡಿಯಾರದ ಒಂದು ಮಿಡಿತ), ಗುಣಿಸೋಕೆ ಮೂರು ಸೈಕಲ್ ಆಸುಪಾಸು. ಭಾಗಾಕಾರ ಮಾತ್ರ ಸ್ವಲ್ಪ ಎಡವಟ್ಟು. ಆ ಕಾಲದ ಇಂಟೆಲ್ ಚಿಪ್‌ಗಳಲ್ಲಿ 64 ಬಿಟ್ ಭಾಗಾಕಾರ 32 ಬಿಟ್ ಭಾಗಾಕಾರಕ್ಕಿಂತ ಎರಡು ಮೂರು ಪಟ್ಟು ಹೊತ್ತು ಹಿಡಿಯುತ್ತಿತ್ತು, ಕೆಟ್ಟ ಹೊತ್ತಲ್ಲಿ 90 ಸೈಕಲ್ ತನಕ. ಇದನ್ನು ನಾನೇ ಹುಡುಕಿ ನಾನೇ ಅವನಿಗೆ ಹೇಳಿದ್ದು, ಅದೂ ಅವನ ಪರವಾಗಿದ್ದ ಮಾತು!

ಆದರೆ ಲೆಕ್ಕ ಹಾಕಿ ನೋಡೋಣ. ಧಾರಾಳವಾಗಿಯೇ ಹಾಕೋಣ. 25 ಜನರ ರೇಡ್. ಒಬ್ಬೊಬ್ಬನಿಂದ ಸೆಕೆಂಡಿಗೆ 20 ಘಟನೆ, ಹೊಡೆತ, ವಾಸಿ ಮಾಡೋದು, ವಿಷ ಇಳಿಯೋದು ಎಲ್ಲ ಸೇರಿ. ಒಂದೊಂದು ಘಟನೆಗೆ 10 ಲೆಕ್ಕ. ಒಟ್ಟು 5,000 ಲೆಕ್ಕ. ಎಲ್ಲವೂ ಅತಿ ನಿಧಾನದ್ದೇ ಅಂತ ಇಟ್ಟುಕೊಂಡು ಒಂದಕ್ಕೆ 100 ಸೈಕಲ್ ಕೊಡಿ. 5 ಲಕ್ಷ ಸೈಕಲ್ ಆಯಿತು. 3 ಗಿಗಾಹರ್ಟ್ಜ್ ಪ್ರೊಸೆಸರ್‌ನ ಒಂದು ಕೋರ್ ಸೆಕೆಂಡಿಗೆ 300 ಕೋಟಿ ಸೈಕಲ್ ಓಡುತ್ತೆ. ಅಂದರೆ ಇಡೀ ರೇಡ್‌ನ ಡ್ಯಾಮೇಜ್ ಲೆಕ್ಕಕ್ಕೆ ಬೇಕಾಗಿದ್ದು ಒಂದು ಕೋರ್‌ನ ಆರು ಸಾವಿರದಲ್ಲಿ ಒಂದು ಪಾಲು. ಅಂಕಿಗಳನ್ನು ಹಿಂಡಿ ಇದನ್ನು ಅರ್ಧಕ್ಕೆ ಇಳಿಸಿದರೂ ಯಾರ ಕಣ್ಣಿಗೂ ಬೀಳಲ್ಲ.

ನೆಟ್‌ವರ್ಕ್ ಕಡೆಯಿಂದಲೂ ಅಷ್ಟೇ. ಸಂಖ್ಯೆ ಕಳಿಸೋಕೆ 4 ಬೈಟ್ ಬದಲು 8 ಬೈಟ್ ಹೋಗಬಹುದು. ಪ್ಯಾಕೆಟ್ ಮೇಲಿನ ವಿಳಾಸದ ಚೀಟಿಯೇ ಕಡಿಮೆಯೆಂದರೆ 40 ಬೈಟ್ ತೂಗುತ್ತೆ. ಬೆಂಗಳೂರಿನಿಂದ ಹೊರದೇಶದ ಸರ್ವರ್‌ಗೆ 200 ಮಿಲಿಸೆಕೆಂಡ್ ಪಿಂಗ್ (ಸುದ್ದಿ ಹೋಗಿ ಬರುವ ಹೊತ್ತು) ಇಟ್ಟುಕೊಂಡು ಆಡುವ ನಾವು ಆ 4 ಬೈಟಿನ ಬಗ್ಗೆ ಅಳಬೇಕಾ?

ಪೈಥಾನ್ ಕೊಟ್ಟ ಏಟು

ಅವನು ಸುಮ್ನೆ ಕೂರುವ ಆಸಾಮಿ ಅಲ್ಲ. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಬರೆದಿದ್ದ. ನೂರರ ಸುತ್ತಮುತ್ತಲ ಸಂಖ್ಯೆಗಳನ್ನು ಒಂದು ಕೋಟಿ ಸಲ ಕೂಡಿಸೋದು, ಆಮೇಲೆ ಸಾವಿರ ಕೋಟಿಯ ಸುತ್ತಮುತ್ತಲ ಸಂಖ್ಯೆಗಳನ್ನು ಅಷ್ಟೇ ಸಲ ಕೂಡಿಸೋದು. ಎರಡನೆಯದು ನಿಧಾನ. ಕಣ್ಣಿಗೆ ಕಾಣುವಷ್ಟು ನಿಧಾನ. ಮೂರು ಸಲ ಓಡಿಸಿದ, ಮೂರು ಸಲವೂ ಅದೇ. ನನ್ನ ಮುಖ ಹುಳ್ಳಗಾಯಿತು.

ಆಮೇಲೆ ಗೊತ್ತಾಯಿತು. ಪೈಥಾನ್ ಪೂರ್ಣ ಸಂಖ್ಯೆಗಳನ್ನು ಪ್ರೊಸೆಸರ್‌ನ ಪೆಟ್ಟಿಗೆಯಲ್ಲಿ ನೇರವಾಗಿ ಇಡಲ್ಲ. 30 ಬಿಟ್‌ನ ತುಂಡುಗಳಾಗಿ ಕತ್ತರಿಸಿ ಸರಪಳಿ ಮಾಡಿ ಇಡುತ್ತೆ, ಎಷ್ಟು ದೊಡ್ಡ ಸಂಖ್ಯೆಯಾದರೂ ತಾಳಲಿ ಅಂತ. 107 ಕೋಟಿ ಚಿಲ್ಲರೆ ದಾಟಿದ ತಕ್ಷಣ ಒಂದು ತುಂಡು ಎರಡಾಗುತ್ತೆ, ಒಂದು ತುಂಡಿನ ಸಂಖ್ಯೆಗಳಿಗೆ ಅಂತ ಇರುವ ಅಡ್ಡದಾರಿ ಕೈತಪ್ಪುತ್ತೆ. ಅದೇ ಪ್ರೋಗ್ರಾಂ ಸಿ ಭಾಷೆಯಲ್ಲಿ ಬರೆದು ಓಡಿಸಿದೆವು. ಎರಡೂ ಒಂದೇ. ಆನ್‌ಲೈನ್ ಗೇಮ್‌ಗಳ ಎಂಜಿನ್ ಬರೆಯೋದು ಸಾಮಾನ್ಯವಾಗಿ ಸಿ++ನಲ್ಲಿ, ಆದ್ದರಿಂದ ನನ್ನ ಮಾತು ಉಳಿಯಿತು. ಮರ್ಯಾದೆ ಮಾತ್ರ ಅರ್ಧ ಹೋಯಿತು.

ಈ ಪ್ರಯೋಗದಿಂದಲೇ ಗ್ರೆಗ್ ಸ್ಟ್ರೀಟ್ ಬರೆದ ಸಾಲು ನನಗೆ ಸರಿಯಾಗಿ ಅರ್ಥವಾಗಿದ್ದು. 2011ರಲ್ಲಿ ವಾರ್‌ಕ್ರಾಫ್ಟ್ ನಮ್ಮ ಕಂಪ್ಯೂಟರ್‌ಗಳಲ್ಲಿ ಓಡುತ್ತಿದ್ದದ್ದು 32 ಬಿಟ್ ಪ್ರೋಗ್ರಾಂ ಆಗಿ. ಅಂಥ ಪ್ರೋಗ್ರಾಂಗೆ 64 ಬಿಟ್ ಸಂಖ್ಯೆ ಕೊಟ್ಟರೆ ಅದೂ ಪೈಥಾನ್ ಹಾಗೆಯೇ ಎರಡು ತುಂಡು ಮಾಡಿ ಲೆಕ್ಕ ಮಾಡಬೇಕು. ಭಾಗಾಕಾರಕ್ಕಂತೂ ಬೇರೆಯೇ ಒಂದು ಫಂಕ್ಷನ್ ಕರೆಯಬೇಕು. ಅವರ ಮಾತು ಆ ಹೊತ್ತಿಗೆ ತಪ್ಪೇನಲ್ಲ. ಆದರೆ ‘ಲೆಕ್ಕ ನಿಧಾನ ಆಗುತ್ತೆ’ ಅನ್ನೋದಕ್ಕೂ ‘ನಿನ್ನ ಗೇಮ್ ನಿಧಾನ ಆಗುತ್ತೆ’ ಅನ್ನೋದಕ್ಕೂ ಮೇಲೆ ಹೇಳಿದ ಆರು ಸಾವಿರ ಪಟ್ಟಿನ ವ್ಯತ್ಯಾಸ ಇದೆ. ಬಾಯಿಂದ ಬಾಯಿಗೆ ಹೋಗುವಾಗ ಮೊದಲನೆಯದು ಎರಡನೆಯದಾಯಿತು.

ಗ್ಯಾರೋಶ್‌ನ ಪೆಟ್ಟಿಗೆ

ಹಾಗಾದರೆ ದೊಡ್ಡ ಅಂಕಿಗಳಿಂದ ತೊಂದರೆಯೇ ಇಲ್ಲವಾ? ಇದೆ. ಚೆನ್ನಾಗಿಯೇ ಇದೆ. ಅದು ಬೇರೆ ಜಾಗದಲ್ಲಿದೆ.

32 ಬಿಟ್ ಪೆಟ್ಟಿಗೆಯಲ್ಲಿ ಋಣ ಸಂಖ್ಯೆಗೂ ಜಾಗ ಬಿಟ್ಟರೆ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ. ಅದಕ್ಕೆ ಒಂದು ಕೂಡಿಸಿದರೆ ಹಳೇ ಸ್ಕೂಟರಿನ ಮೀಟರ್ 99,999 ಆದ ಮೇಲೆ ಸೊನ್ನೆಗೆ ತಿರುಗುವ ಹಾಗೆ ಇದೂ ತಿರುಗುತ್ತೆ. ಇದು ಸೊನ್ನೆಗೂ ನಿಲ್ಲಲ್ಲ, ಮೈನಸ್ ಇನ್ನೂರ ಹದಿನಾಲ್ಕು ಕೋಟಿಗೆ ಬೀಳುತ್ತೆ. (ಮೀಟರ್ ಎಷ್ಟು ತೋರಿಸಿದರೂ ಸ್ಕೂಟರ್‌ನ ವೇಗಕ್ಕೆ ಏನೂ ಆಗಲ್ಲ ಅನ್ನೋದನ್ನೂ ಗಮನಿಸಿ. ಈ ಹೋಲಿಕೆ ಜಗಳದಲ್ಲಿ ಮೊದಲೇ ಹೊಳೆದಿದ್ದರೆ ಚೆನ್ನಾಗಿತ್ತು.)

ಸೀಜ್ ಆಫ್ ಆರ್ಗ್ರಿಮಾರ್‌ನ ಕೊನೆಯ ಬಾಸ್ ಗ್ಯಾರೋಶ್ ಹೆಲ್‌ಸ್ಕ್ರೀಮ್. ಆಡಿದವರಿಗೆ ನೆನಪಿರುತ್ತೆ, ಒಂದು ಹಂತ ಮುಗಿದ ಮೇಲೆ ಅವನ ಹೆಲ್ತ್ ಮತ್ತೆ ಏರುತ್ತೆ. ಅಯ್ಯೋ, ಇಷ್ಟು ಹೊತ್ತು ಹೊಡೆದದ್ದೆಲ್ಲ ನೀರಿಗೆ ಹೋಯಿತಲ್ಲ ಅನ್ನಿಸುತ್ತೆ. ಕಥೆಯಲ್ಲಿ ಅದಕ್ಕೊಂದು ಕಾರಣ ಇದೆ. ಕಾರಣ ಅಷ್ಟೇ ಅಲ್ಲ ಅಂತ ಬ್ಲಿಜಾರ್ಡ್‌ನವರೇ ಆಮೇಲೆ ಹೇಳಿದರು. ಅತಿ ಕಷ್ಟದ ಮಟ್ಟದಲ್ಲಿ ಅವನಿಗೆ ಬೇಕಾಗಿದ್ದಷ್ಟು ಹೆಲ್ತ್ ಆ ಪೆಟ್ಟಿಗೆಯಲ್ಲಿ ಹಿಡಿಯುತ್ತಿರಲಿಲ್ಲ. ಒಂದೇ ಸಲಕ್ಕೆ ಕೊಡಲಾಗದ್ದನ್ನು ಕಂತಿನಲ್ಲಿ ಕೊಟ್ಟರು.

ಎಂಥ ಕೆಲಸ ನೋಡಿ. ಗೇಮ್ ಒಂದು ಮಿಲಿಸೆಕೆಂಡೂ ನಿಧಾನ ಆಗಿಲ್ಲ. ಆದರೆ ಬಾಸ್ ಹೇಗೆ ಕಾದಾಡಬೇಕು ಅನ್ನೋದನ್ನು ಒಂದು ಪೂರ್ಣ ಸಂಖ್ಯೆಯ ಅಗಲ ತೀರ್ಮಾನ ಮಾಡಿತು.

ಬೇರೆ ಗೇಮ್‌ಗಳಲ್ಲೂ ಇದೇ ಗೋಡೆ. ರೂನ್‌ಸ್ಕೇಪ್‌ನಲ್ಲಿ ಒಂದು ಕಂತೆಯಲ್ಲಿ ಇಟ್ಟುಕೊಳ್ಳಬಹುದಾದ ನಾಣ್ಯ ಸರಿಯಾಗಿ ಅಷ್ಟೇ, 214 ಕೋಟಿ ಚಿಲ್ಲರೆ. ಅದಕ್ಕಿಂತ ಜಾಸ್ತಿ ಇದ್ದವರಿಗೆ ಹಳೆಯ ಆವೃತ್ತಿಯಲ್ಲಿ ಪ್ಲಾಟಿನಂ ಟೋಕನ್ ತಂದರು, ಒಂದಕ್ಕೆ ಸಾವಿರ ನಾಣ್ಯ. ಡಯಾಬ್ಲೊ 3ರಲ್ಲಿ 2013ರ ಮೇನಲ್ಲಿ 1.0.8 ಪ್ಯಾಚ್ ಬಂದಾಗ ಹರಾಜಿನಲ್ಲಿ ಚಿನ್ನ ಮಾರುವ ಕಂತೆಯ ಗಾತ್ರವನ್ನು 10 ಲಕ್ಷದಿಂದ 1 ಕೋಟಿಗೆ ಏರಿಸಿದರು. ಲೆಕ್ಕ ಪೆಟ್ಟಿಗೆಯಿಂದ ಆಚೆ ಚೆಲ್ಲಿತು. ಭಾರೀ ಮೊತ್ತ ಮಾರಾಟಕ್ಕೆ ಇಟ್ಟು ಹಿಂತೆಗೆದುಕೊಂಡವರ ಕೈಗೆ ಇಟ್ಟದ್ದಕ್ಕಿಂತ ಜಾಸ್ತಿ ಚಿನ್ನ ಬಂತು. ಹರಾಜನ್ನೇ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು.

ದಶಮಾಂಶದ ಸಂಖ್ಯೆಗಳಲ್ಲಿ ಲೆಕ್ಕ ಇಡುವವರಿಗೆ ಇನ್ನೊಂದು ಕಾಟ. 32 ಬಿಟ್ ಫ್ಲೋಟ್ (ದಶಮಾಂಶದ ಪೆಟ್ಟಿಗೆ) 1,67,77,216 ದಾಟಿದ ಮೇಲೆ ಒಂದೊಂದನ್ನೇ ಎಣಿಸಲಾರದು. 200 ಕೋಟಿಯ ಹತ್ತಿರ ಅದರ ಎರಡು ಪಕ್ಕದ ಸಂಖ್ಯೆಗಳ ನಡುವೆ 128ರ ಅಂತರ. ಅಂದರೆ 200 ಕೋಟಿ ಹೆಲ್ತ್ ಇರುವ ಬಾಸ್‌ಗೆ ನೀವು 50ರ ಹೊಡೆತ ಕೊಟ್ಟರೆ ಲೆಕ್ಕಕ್ಕೇ ಬರಲ್ಲ. ಸಾವಿರ ಸಲ ಹೊಡೆದರೂ ಬರಲ್ಲ. ಆನೆಗೆ ಸೊಳ್ಳೆ ಕಚ್ಚಿದರೂ ಒಂದು ಹನಿ ರಕ್ತ ಹೋಗುತ್ತೆ, ಇಲ್ಲಿ ಅದೂ ಇಲ್ಲ.

ಇದಕ್ಕೆಲ್ಲ ಸರಿಯಾದ ಮದ್ದು ದೊಡ್ಡ ಪೆಟ್ಟಿಗೆ. 64 ಬಿಟ್ ಪೆಟ್ಟಿಗೆ ಸುಮಾರು 92 ಸಾವಿರ ಕೋಟಿ ಕೋಟಿ ಹಿಡಿಯುತ್ತೆ. ವಾರ್‌ಕ್ರಾಫ್ಟ್ ಕೂಡ ಮುಂದೆ ಅದೇ ದಾರಿ ಹಿಡಿಯಿತು. 2016ರ ಲೀಜನ್ ಭಾಗದಲ್ಲಿ ಬಾಸ್‌ಗಳ ಹೆಲ್ತ್ ಹಳೆಯ ಮಿತಿ ದಾಟಿ ಹೋದರೂ ಆಕಾಶ ಬೀಳಲಿಲ್ಲ. ಹಾಗಿದ್ದೂ 2018ರಲ್ಲಿ ಮತ್ತೆ ಹಿಂಡಿದರು. ಈ ಸಲ ಪೆಟ್ಟಿಗೆಯ ನೆಪ ಇರಲಿಲ್ಲ, ಓದುವವರ ಕಣ್ಣಿನ ಮಾತೇ ಮುಖ್ಯ. 38,47,210 ಮತ್ತು 41,02,655 ಅನ್ನೋ ಎರಡು ಹೊಡೆತ ಅರ್ಧ ಸೆಕೆಂಡಿನಲ್ಲಿ ಮಿಂಚಿ ಮಾಯವಾದರೆ ಯಾವುದು ದೊಡ್ಡದು ಅಂತ ಯಾರಿಗೆ ಗೊತ್ತಾಗುತ್ತೆ? ನನ್ನ ಮಟ್ಟಿಗೆ ಸ್ಕ್ವಿಶ್‌ಗೆ ಇದೊಂದೇ ಕಾರಣ ಸಾಕು, ಲ್ಯಾಗ್‌ನ ಕಥೆ ಬೇಕಿಲ್ಲ.

ಸಣ್ಣ ಅಂಕಿ, ದೊಡ್ಡ ಲ್ಯಾಗ್

ಗೆಳೆಯನ ವಾದವನ್ನು ನಿಜವಾಗಲೂ ಮಲಗಿಸಿದ್ದು ಲೆಕ್ಕ ಅಲ್ಲ, ಇತಿಹಾಸ. ವಾರ್‌ಕ್ರಾಫ್ಟ್‌ನ ಚರಿತ್ರೆಯಲ್ಲಿ ಜನ ಇವತ್ತಿಗೂ ಮಾತಾಡುವ ಲ್ಯಾಗ್ ಯಾವುದು? 2006ರ ಜನವರಿಯಲ್ಲಿ ಆನ್‌ಕಿರಾಜ್ ಅನ್ನೋ ಹೊಸ ರೇಡ್ ಜಾಗದ ಬಾಗಿಲು ತೆರೆದದ್ದು. ಮೆಡಿವ್ ಅನ್ನೋ ಸರ್ವರ್‌ನಲ್ಲಿ ಅದು ನಡೆದಾಗ ಸಿಲಿಥಸ್ ಮರುಭೂಮಿಗೆ ಜನ ಜಾತ್ರೆಯ ಹಾಗೆ ನುಗ್ಗಿದರು, ಸರ್ವರ್ ಬಿದ್ದು ಬಿದ್ದು ಎದ್ದಿತು. ಆಗ ಎಲ್ಲರದೂ ಲೆವೆಲ್ 60. ಹೆಲ್ತ್ ನಾಲ್ಕಂಕಿ, ಹೊಡೆತ ಮೂರಂಕಿ, ಒಳ್ಳೆ ಕ್ರಿಟ್ (ಅದೃಷ್ಟದ ಜೋರು ಏಟು) ಬಿದ್ದರೆ ನಾಲ್ಕಂಕಿ. ಅಷ್ಟು ಪುಟ್ಟ ಅಂಕಿಗಳು, ಅಷ್ಟು ದೊಡ್ಡ ಲ್ಯಾಗ್.

ಕಾರಣ ಜನಸಂದಣಿ. ಒಬ್ಬ ಒಂದು ಮಂತ್ರ ಬಿಟ್ಟರೆ ಸುತ್ತ ಇರುವ ಪ್ರತಿಯೊಬ್ಬನಿಗೂ ಸರ್ವರ್ ಅದನ್ನು ಹೇಳಬೇಕು. 40 ಜನ ಇದ್ದರೆ ಸೆಕೆಂಡಿಗೆ ತಲಾ ಒಂದು ಕೆಲಸಕ್ಕೆ 1,600 ಸುದ್ದಿ. 200 ಜನ ಇದ್ದರೆ 40,000. ಜನ ಐದು ಪಟ್ಟು, ಸುದ್ದಿ ಇಪ್ಪತ್ತೈದು ಪಟ್ಟು. ಡಯಾಬ್ಲೊ 3ರಲ್ಲಿ ನಾಲ್ಕು ಜನ ಸೇರಿ ಆಡುವಾಗ ಪರದೆ ಹೆಪ್ಪುಗಟ್ಟುತ್ತಿದ್ದದ್ದೂ ಇದೇ ಜಾತಿಯ ಕಾಯಿಲೆ. ಏರಿಯಾ ಡ್ಯಾಮೇಜ್ ಅನ್ನೋ ಗುಣ ಇರುವ ಗೇರ್ ಹಾಕಿಕೊಂಡವನು ಗುಂಪಿನಲ್ಲಿ ಒಂದು ರಾಕ್ಷಸನಿಗೆ ಹೊಡೆದರೆ ಅದು ಪಕ್ಕದವರಿಗೂ ಸಿಡಿಯಬಹುದು. ಒಂದು ಹೊಡೆತದಿಂದ ಹತ್ತಾರು ಲೆಕ್ಕ, ಸೆಕೆಂಡಿಗೆ ಎಷ್ಟೋ ಹೊಡೆತ. ಅಲ್ಲಿ ಅಂಕಿಗಳೂ ಕೋಟಿ ಕೋಟಿ ಇದ್ದದ್ದರಿಂದ ಜನ ಅವುಗಳ ಮೇಲೆ ಅನುಮಾನ ಪಟ್ಟರು. ಕಳ್ಳನ ಪಕ್ಕ ನಿಂತವನಿಗೂ ಏಟು ಬಿತ್ತು.

ಇನ್ನು 2014ಕ್ಕೆ ಬನ್ನಿ. ಅಕ್ಟೋಬರ್‌ನಲ್ಲಿ ಅಂಕಿ ಹಿಂಡಿದರು. ನವೆಂಬರ್ 13ಕ್ಕೆ ವಾರ್‌ಲಾರ್ಡ್ಸ್ ಆಫ್ ಡ್ರೇನರ್ ಅನ್ನೋ ಹೊಸ ಭಾಗ ಬಂತು. ಅಂಕಿ ಸಣ್ಣದಾದರೆ ಲ್ಯಾಗ್ ಹೋಗುತ್ತೆ ಅನ್ನೋದಾದರೆ ಇದು ಅತಿ ಸಲೀಸಾದ ಬಿಡುಗಡೆ ಆಗಬೇಕಿತ್ತು. ಆಗಿದ್ದೇನು? ಉದ್ದುದ್ದ ಸಾಲು, ಲಾಗಿನ್ ಆದರೂ ಗ್ಯಾರಿಸನ್ (ಆಟಗಾರನ ಸ್ವಂತ ಕೋಟೆ) ತೆರೆಯಲ್ಲ, ಮೇಲಿಂದ ಸರ್ವರ್‌ಗಳ ಮೇಲೆ ಹೊರಗಿನವರ ದಾಳಿ. ಕೊನೆಗೆ ಬ್ಲಿಜಾರ್ಡ್ ಆಟಗಾರರಿಗೆ 5 ದಿನ ಪುಕ್ಕಟೆ ಸಮಯ ಕೊಟ್ಟು ಸಮಾಧಾನ ಮಾಡಿತು.

ಹಾಗಾದರೆ ಅವನ ಲ್ಯಾಪ್‌ಟಾಪ್?

ಇದು ಉಳಿದಿತ್ತು. ಏನೇ ಹೇಳಿ, ಅವನ ಗೇಮ್ ಆ ರಾತ್ರಿ ಚುರುಕಾಗಿದ್ದು ನಿಜ ಅಲ್ವಾ? ಒಂದು ಸಂಜೆ ಕೂತು ಒಂದೊಂದಾಗಿ ನೋಡಿದೆವು. ವಿಂಡೋಸ್ ಅದೇ, ಡ್ರೈವರ್ ಅದೇ, ಗ್ರಾಫಿಕ್ಸ್ ಸೆಟ್ಟಿಂಗ್ ಅದೇ. ಆಮೇಲೆ ಪಾತ್ರ ಆರಿಸುವ ಪರದೆಯ ಮೂಲೆಯಲ್ಲಿರುವ ಆಡ್‌ಆನ್ (ಬೇರೆಯವರು ಬರೆದು ಗೇಮ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಗುಂಡಿ ಒತ್ತಿದೆ. ಪಟ್ಟಿ ಪೂರ್ತಿ ಕೆಂಪು.

ದೊಡ್ಡ ಪ್ಯಾಚ್ ಬಂದಾಗ ಹಳೆಯ ಆಡ್‌ಆನ್‌ಗಳನ್ನು ಗೇಮ್ ತಾನಾಗೇ ನಿಲ್ಲಿಸುತ್ತೆ. ಹಳೆಯದಾದರೂ ಓಡಲಿ ಅಂತ ನಾವೇ ಟಿಕ್ ಹಾಕಬೇಕು. ಇವನು ಹಾಕಿರಲಿಲ್ಲ. ಅವನ ಹತ್ತಿರ ಇದ್ದದ್ದು 40ಕ್ಕೂ ಜಾಸ್ತಿ ಆಡ್‌ಆನ್. ಯಾರು ಎಷ್ಟು ಹೊಡೆದರು ಅಂತ ಲೆಕ್ಕ ಇಡುವ ಮೀಟರೇ ಎರಡು. ತೇಲುವ ಅಂಕಿಗಳನ್ನು ಬಣ್ಣ ಬಣ್ಣವಾಗಿ ತೋರಿಸಲು ಒಂದು. ರೇಡ್‌ನಲ್ಲಿ ನಡೆಯುವ ಪ್ರತಿ ಘಟನೆಯನ್ನೂ ಈ ಪ್ರತಿಯೊಂದೂ ಬೇರೆ ಬೇರೆಯಾಗಿ ಓದಬೇಕು, ಅಂಕಿಯನ್ನು ಅಕ್ಷರ ಮಾಡಬೇಕು, ಆ ಅಕ್ಷರದ ಚೂರುಗಳನ್ನು ಆಮೇಲೆ ಮೆಮೊರಿಯಿಂದ ಗುಡಿಸಬೇಕು. ಗುಡಿಸುವ ಹೊತ್ತಿಗೆ ಪರದೆ ಒಂದು ಕ್ಷಣ ನಿಲ್ಲುತ್ತೆ. ಅವನು ವರ್ಷಗಟ್ಟಲೆ ಲ್ಯಾಗ್ ಅಂತ ಬೈದದ್ದರಲ್ಲಿ ಮುಕ್ಕಾಲು ಪಾಲು ಈ ಕಸ ಗುಡಿಸೋದೇ.

ಎಲ್ಲದಕ್ಕೂ ಟಿಕ್ ಹಾಕಿ ಮತ್ತೆ ಒಳಗೆ ಹೋದೆವು. ಅಂಕಿಗಳು ಹಿಂಡಿದ ಅಂಕಿಗಳೇ, ಸಾವಿರದ ಹೊಡೆತಗಳೇ. ಫ್ರೇಮ್ ಮತ್ತೆ 20ರ ಹತ್ತಿರ. ಒಂದು ಮೀಟರ್ ತೆಗೆದೆವು, ಸ್ವಲ್ಪ ಏರಿತು. ತೇಲುವ ಅಂಕಿಯದ್ದು ತೆಗೆದೆವು, ಇನ್ನಷ್ಟು ಏರಿತು. ಅವನು ಏನೂ ಮಾತಾಡಲಿಲ್ಲ. ಟೀ ಮಾಡ್ತೀನಿ ಅಂತ ಎದ್ದು ಹೋದ.

ಒಂದು ಮಾತು ಅವನ ಪರವಾಗಿ ಹೇಳಬೇಕು. ಅದೇ ಪಟ್ಟಿಯಲ್ಲಿ ಒಂದು ಹಳೆಯ ಆಡ್‌ಆನ್ ಸ್ಕ್ವಿಶ್‌ಗೆ ಮೊದಲು ಆಗಾಗ ಎರರ್ ಕೊಡುತ್ತಿತ್ತು. ಆಡ್‌ಆನ್ ಬರೆಯುವ ಲುವಾ ಭಾಷೆಯಲ್ಲಿ ಸಂಖ್ಯೆಯನ್ನು ಅಕ್ಷರ ಮಾಡುವ ಒಂದು ಬಗೆ 32 ಬಿಟ್ ಮಿತಿ ದಾಟಿದರೆ ತಕರಾರು ಮಾಡುತ್ತಿತ್ತು, ಇಡೀ ರೇಡ್‌ನ ಒಟ್ಟು ಡ್ಯಾಮೇಜ್ 214 ಕೋಟಿ ದಾಟೋದು ಆಗ ದೊಡ್ಡ ವಿಷಯವೇ ಅಲ್ಲ. ಎರರ್ ಮೇಲೆ ಎರರ್ ಬಂದರೆ ಅದೂ ಒಂದು ಭಾರ. ಅಷ್ಟರ ಮಟ್ಟಿಗೆ ದೊಡ್ಡ ಅಂಕಿ ಅವನ ಗೇಮ್‌ಗೆ ತೊಂದರೆ ಕೊಟ್ಟಿತ್ತು ಅಂತ ನಾನು ಒಪ್ಪಿದೆ. ಅವನು ಅದನ್ನೇ ಗೆಲುವು ಅಂತ ಇಟ್ಟುಕೊಂಡ.

2018ರ ಜುಲೈನಲ್ಲಿ 8.0.1 ಪ್ಯಾಚ್ ಬಂತು, ಎರಡನೇ ಸ್ಕ್ವಿಶ್. 900 ದಾಟಿದ್ದ ಐಟಂ ಲೆವೆಲ್ ಇನ್ನೂರು ಚಿಲ್ಲರೆಗೆ ಇಳಿಯಿತು. ರಾತ್ರಿ ಹನ್ನೊಂದಕ್ಕೆ ಮೆಸೇಜು: ‘ಗುರು, ಈಗ ನೋಡು. ಸಖತ್ ಸ್ಮೂತ್.’

‘ಆಡ್‌ಆನ್ ಹಾಕಿದ್ದೀಯಾ?’ ಅಂತ ಕೇಳಿದೆ.

ಎರಡು ನೀಲಿ ಟಿಕ್ ಬಂತು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ: ‘ಇನ್ನೂ ಇಲ್ಲ.’